ಆಂಟನಿ ನೋಲನ್: ಸಿಗದ ಒಬ್ಬ ದಾನಿಗಾಗಿ ಹುಟ್ಟಿದ ಪಟ್ಟಿ

ಪುಟ್ಟ ಮಗುವಿನ ಫೋಟೋ, ಅದಕ್ಕೆ ಅಸ್ಥಿಮಜ್ಜೆ ತುರ್ತಾಗಿ ಬೇಕೆಂಬ ಮನವಿ, ಕೆಳಗೆ ಒಂದು ರಕ್ತದ ಗುಂಪು, ಎಲ್ಲ ಗ್ರೂಪ್‌ಗಳಿಗೂ ಕಳಿಸಿ ಎಂಬ ಕೋರಿಕೆ. ಇಂಥ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಓದಿದರೆ ಮನಸ್ಸು ಕರಗುತ್ತದೆ, ಬೆರಳು ತಾನಾಗಿ ಫಾರ್ವರ್ಡ್ ಒತ್ತುತ್ತದೆ. ಆದರೆ ಅಸ್ಥಿಮಜ್ಜೆಯ ದಾನಿಯನ್ನು ಹುಡುಕುವುದು ರಕ್ತದ ಗುಂಪು ನೋಡಿ ಅಲ್ಲ. ಮತ್ತೆ ಹೇಗೆ? ಉತ್ತರ ಐವತ್ತು ವರ್ಷ ಹಿಂದಿನ ಒಬ್ಬ ಹುಡುಗನ ಕಥೆಯಲ್ಲಿದೆ.

ಬಿದ್ದರೂ ಅಪಾಯ, ನೆಗಡಿಯಾದರೂ ಅಪಾಯ

ಆಂಟನಿ ನೋಲನ್ ಹುಟ್ಟಿದ್ದು 1971ರಲ್ಲಿ, ಆಸ್ಟ್ರೇಲಿಯಾದಲ್ಲಿ. ಹುಟ್ಟುವಾಗಲೇ ಅವನಿಗೆ ವಿಸ್ಕಾಟ್-ಆಲ್ಡ್ರಿಚ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ಇತ್ತು. ಇದು ಹೆಚ್ಚಾಗಿ ಗಂಡುಮಕ್ಕಳಲ್ಲೇ ಕಾಣುವ ವಂಶವಾಹಿ ದೋಷ. ಇದರಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳು ಕಡಿಮೆ ಇರುತ್ತವೆ, ಹಾಗಾಗಿ ಸಣ್ಣ ಪೆಟ್ಟಿಗೂ ರಕ್ತಸ್ರಾವ. ರೋಗನಿರೋಧಕ ಶಕ್ತಿಯೂ ಕುಂದಿರುವುದರಿಂದ ಸೋಂಕು ಬೇಗ ತಗಲುತ್ತದೆ. ಚರ್ಮದ ತುಂಬ ಇಸುಬು.

ರಕ್ತಕಣಗಳೆಲ್ಲ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿರುವ ಕಾಂಡಕೋಶಗಳಿಂದ. ಅಂದರೆ ಆಂಟನಿಯ ವಿಷಯದಲ್ಲಿ ಬಿತ್ತನೆ ಬೀಜವೇ ಕೆಟ್ಟಿತ್ತು. ಬೇರೆಯವರ ಆರೋಗ್ಯವಂತ ಕಾಂಡಕೋಶಗಳನ್ನು ಅವನ ಮೈಗೆ ಸೇರಿಸುವುದೊಂದೇ ಗುಣವಾಗುವ ದಾರಿಯಾಗಿತ್ತು.

ಯಾರ ಮಜ್ಜೆಯಾದರೂ ಆಗದೇ?

ಆಗದು. ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಪ್ರೋಟೀನ್‌ಗಳಿವೆ. ಅವು ಒಂದು ರೀತಿಯ ಗುರುತಿನ ಚೀಟಿ. ನಮ್ಮವರು ಯಾರು, ಹೊರಗಿನವರು ಯಾರು ಎಂದು ರೋಗನಿರೋಧಕ ವ್ಯವಸ್ಥೆ ತಿಳಿಯುವುದು ಇದರಿಂದಲೇ. ಚೀಟಿ ಹೊಂದದಿದ್ದರೆ ರೋಗಿಯ ದೇಹ ಹೊಸ ಕೋಶಗಳನ್ನು ತಿರಸ್ಕರಿಸಬಹುದು. ಇನ್ನೊಂದು ಅಪಾಯವೂ ಇದೆ: ದಾನಿಯ ಕೋಶಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ದಾಳಿ ಮಾಡಬಹುದು.

ಈ ಗುರುತು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಹಾಗಾಗಿ ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಂಟನಿಗೆ ಕುಟುಂಬದಲ್ಲಿ ಯಾರೂ ಹೊಂದಲಿಲ್ಲ.

ಲಂಡನ್ನಿನಿಂದ ಬಂದ ಸುದ್ದಿ

ಅಮೆರಿಕದ ಮಿನ್ನೆಸೋಟದಲ್ಲಿ 1968ರಲ್ಲಿ ಒಂದು ಮಗುವಿಗೆ ಅಕ್ಕನ ಮಜ್ಜೆ ಕಸಿ ಮಾಡಿ ವೈದ್ಯರು ಗೆದ್ದಿದ್ದರು. 1973ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಕ್ಕಳ ಆಸ್ಪತ್ರೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬೇರೊಂದು ರೋಗನಿರೋಧಕ ಕಾಯಿಲೆಯ ಹುಡುಗನಿಗೆ ರಕ್ತಸಂಬಂಧವೇ ಇಲ್ಲದ ದಾನಿಯ ಮಜ್ಜೆ ಹಾಕಿದರು, ಅವನು ಉಳಿದ. ಸುದ್ದಿ ತಿಳಿದ ಆಂಟನಿಯ ತಾಯಿ ಶರ್ಲಿ ನೋಲನ್ ಮಗನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು.

ಚಿಕಿತ್ಸೆ ಅಲ್ಲಿತ್ತು. ದಾನಿ ಇರಲಿಲ್ಲ. ಹೊಂದುವ ಒಬ್ಬರು ಪಕ್ಕದ ಬೀದಿಯಲ್ಲೇ ಇದ್ದರೂ ತಿಳಿಯುವ ಬಗೆ ಇರಲಿಲ್ಲ. ಆಗ ಶರ್ಲಿ, ಮಗನೊಬ್ಬನಿಗೆ ದಾನಿ ಹುಡುಕುವುದನ್ನೂ ಮೀರಿದ ಕೆಲಸಕ್ಕೆ ಕೈಹಾಕಿದರು. ಕೊಡಲು ಒಪ್ಪಿದವರ ರಕ್ತ ಮೊದಲೇ ಪರೀಕ್ಷಿಸಿ, ಗುರುತುಗಳನ್ನು ಬರೆದಿಟ್ಟುಕೊಂಡರೆ ಯಾವ ಮಗುವಿಗೆ ಬೇಕಾದರೂ ಹುಡುಕಬಹುದಲ್ಲ? 1974ರಲ್ಲಿ ಅದೇ ಆಸ್ಪತ್ರೆಯಲ್ಲಿ ಆಂಟನಿಯ ಹೆಸರಿನ ದಾನಿಗಳ ಪಟ್ಟಿ ಶುರುವಾಯಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಪ್ರತಿ ಪರೀಕ್ಷೆಗೂ ದುಡ್ಡು ಬೇಕಿತ್ತು. ಶರ್ಲಿ ಜನರ ಮುಂದೆ ನಿಂತು ಕೇಳಿದರು, ಜನ ಕೊಟ್ಟರು.

ಪಟ್ಟಿ ಬೆಳೆಯಿತು. ಆಂಟನಿಗೆ ಹೊಂದುವವರು ಮಾತ್ರ ಅದರಲ್ಲಿ ಸಿಗಲೇ ಇಲ್ಲ. 1979ರಲ್ಲಿ, ಏಳನೇ ವಯಸ್ಸಿನಲ್ಲಿ ಅವನು ತೀರಿಕೊಂಡ.

ಮಗನೇ ಹೋದ ಮೇಲೆ ಪಟ್ಟಿಯೂ ಅಲ್ಲಿಗೇ ಮುಗಿಯಬಹುದಿತ್ತು. ಶರ್ಲಿ ಮುಚ್ಚಲು ಬಿಡಲಿಲ್ಲ. ಅವರು 2002ರಲ್ಲಿ ನಿಧನರಾದರು. ಮಗನ ಹೆಸರಿನ ಸಂಸ್ಥೆ ಇಂದಿಗೂ ಬ್ರಿಟನ್ನಿನಲ್ಲಿ ನಡೆಯುತ್ತಿದೆ, ಸಾವಿರಾರು ರೋಗಿಗಳಿಗೆ ದಾನಿಗಳನ್ನು ಒದಗಿಸಿದೆ. ಅದೇ ಮಾದರಿಯ ಪಟ್ಟಿಗಳು ಬೇರೆ ಬೇರೆ ದೇಶಗಳಲ್ಲಿ ಹುಟ್ಟಿ, ಈಗ ಜಗತ್ತಿನಾದ್ಯಂತ ಸುಮಾರು 4 ಕೋಟಿ ದಾನಿಗಳ ಹೆಸರಿದೆ.

4 ಕೋಟಿ ಸಾಲದೇ?

ನಮಗೆ ಸಾಲದು. ಎಚ್‌ಎಲ್‌ಎ ಗುರುತುಗಳು ಪೂರ್ವಿಕರಿಂದ ಬರುವುದರಿಂದ, ಭಾರತೀಯರಿಗೆ ಹೊಂದುವವರು ಸಿಗುವ ಸಾಧ್ಯತೆ ಭಾರತೀಯರಲ್ಲೇ ಹೆಚ್ಚು. ಆದರೆ ಆ ಪಟ್ಟಿಗಳಲ್ಲಿ ಯುರೋಪ್ ಮೂಲದವರದೇ ದೊಡ್ಡ ಪಾಲು. ಅಮೆರಿಕ, ಬ್ರಿಟನ್‌ನಲ್ಲಿ ನೆಲೆಸಿದ ನಮ್ಮವರಿಗೂ ಇದೇ ಕಷ್ಟ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಚೆನ್ನೈನ ದಾತ್ರಿ ಮುಂತಾದ ಸಂಸ್ಥೆಗಳು ಇಲ್ಲಿನ ದಾನಿಗಳನ್ನು ನೋಂದಾಯಿಸುತ್ತಿವೆ.

ತಪ್ಪು ಕಲ್ಪನೆ, ಸರಿ ಮಾಹಿತಿ

ರಕ್ತದ ಗುಂಪು ಒಂದೇ ಇರಬೇಕೇ? ಬೇಕಿಲ್ಲ. ಗುಂಪು ಬೇರೆಯಾಗಿದ್ದರೂ ಕಸಿ ಮಾಡಬಹುದು. ಕಸಿ ಯಶಸ್ವಿಯಾದ ಮೇಲೆ ರೋಗಿಯ ರಕ್ತದ ಗುಂಪೇ ಬದಲಾಗಿ ದಾನಿಯದಾಗುತ್ತದೆ!

ಬೆನ್ನುಹುರಿಗೆ ಸೂಜಿ ಚುಚ್ಚುತ್ತಾರೆಯೇ? ಇಲ್ಲ. ಇಂದು ಹೆಚ್ಚಿನ ದಾನ ನಡೆಯುವುದು ತೋಳಿನ ರಕ್ತನಾಳದಿಂದ. ನಾಲ್ಕೈದು ದಿನ ಇಂಜೆಕ್ಷನ್ ಕೊಡುತ್ತಾರೆ, ಆಗ ಕಾಂಡಕೋಶಗಳು ರಕ್ತಕ್ಕೆ ಬರುತ್ತವೆ. ಆ ದಿನಗಳಲ್ಲಿ ಮೈಕೈ ನೋವು, ತಲೆನೋವು ಬರಬಹುದು. ಆಮೇಲೆ ಕೆಲವು ಗಂಟೆ ಯಂತ್ರದ ಮೂಲಕ ರಕ್ತ ಹಾಯಿಸಿ ಕಾಂಡಕೋಶಗಳನ್ನಷ್ಟೇ ತೆಗೆದುಕೊಳ್ಳುತ್ತಾರೆ. ಕೆಲವರಿಂದ ಮಾತ್ರ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಕೊಟ್ಟದ್ದು ಕೆಲವೇ ವಾರಗಳಲ್ಲಿ ದೇಹದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಹೆಸರು ಬರೆಸುವುದು ಹೇಗೆ? ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಭಾಗ ಸವರಿ ಮಾದರಿ ಕೊಟ್ಟರೆ ಸಾಕು. ಸಾಮಾನ್ಯವಾಗಿ 18ರಿಂದ 50 ವರ್ಷದೊಳಗಿನ ಆರೋಗ್ಯವಂತರು ಸೇರಬಹುದು. ಕರೆ ವರ್ಷಗಳ ನಂತರ ಬರಬಹುದು, ಬಾರದೆಯೂ ಇರಬಹುದು.

ಒಂದು ಮಾತು ನೆನಪಿರಲಿ. ಕಸಿಗೆ ಮುನ್ನ ರೋಗಿಯ ಸ್ವಂತ ಮಜ್ಜೆಯನ್ನು ಔಷಧಿ ಕೊಟ್ಟು ನಾಶಮಾಡಿರುತ್ತಾರೆ. ಆ ಹಂತದಲ್ಲಿ ದಾನಿ ಹಿಂದೆ ಸರಿದರೆ ರೋಗಿಯ ಜೀವಕ್ಕೇ ಅಪಾಯ. ಆದ್ದರಿಂದ ಯೋಚನೆ, ಮನೆಯವರ ಜೊತೆ ಮಾತುಕತೆ, ಎಲ್ಲವೂ ಹೆಸರು ಬರೆಸುವ ಮೊದಲೇ ಆಗಲಿ.

ಮುಂದಿನ ಸಲ ಅಂಥ ಮೆಸೇಜ್ ಬಂದರೆ ಗ್ರೂಪ್‌ಗೆ ಕಳಿಸಿ ಸುಮ್ಮನಾಗಬೇಡಿ. ದಾನಿಗಳ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಕೇಳಿಕೊಳ್ಳಿ. ಆ ಮಗುವಿಗೆ ನೀವು ಹೊಂದದೇ ಇರಬಹುದು. ಇನ್ನೆಲ್ಲೋ ಇರುವ, ನಿಮಗೆ ಗೊತ್ತೇ ಇಲ್ಲದ ಮತ್ತೊಂದು ಮಗುವಿಗೆ ಹೊಂದಬಹುದು.