ಪಾರ್ಶ್ವಮುಖದ ಚಿತ್ರಕಾರ ಪಿಯೆರೊ ಡೆಲ್ಲ ಫ್ರಾಂಚೆಸ್ಕ

ನಮ್ಮ ಹಿರಿಯರು ಬಳಸುತ್ತಿದ್ದ ಹಳೆಯ ಬೆಳ್ಳಿ ರೂಪಾಯಿಯನ್ನು ನೋಡಿದವರಿಗೆ ಅದರ ಮೇಲಿದ್ದ ವಿಕ್ಟೋರಿಯ ರಾಣಿಯ ಅಥವಾ ಐದನೆಯ ಜಾರ್ಜ್ ದೊರೆಯ ಮುಖ ನೆನಪಿರಬಹುದು. ಆ ಮುಖ ನಮ್ಮತ್ತ ತಿರುಗಿರುವುದಿಲ್ಲ. ಒಂದು ಕಣ್ಣು, ಒಂದು ಕೆನ್ನೆ, ಹಣೆಯಿಂದ ಗದ್ದದವರೆಗೆ ಇಳಿದುಬಂದ ಒಂದು ಗೆರೆ, ಇಷ್ಟೇ ಅಲ್ಲಿ ಕಾಣುತ್ತದೆ. ಹೀಗೆ ಪಕ್ಕದಿಂದ ಕಾಣುವ ಮುಖವನ್ನು ಪಾರ್ಶ್ವಮುಖವೆನ್ನುತ್ತೇವೆ. ಚಿತ್ರಕಲೆಯ ತರಗತಿಯಲ್ಲಿ ಮನುಷ್ಯನ ತಲೆಯನ್ನು ಬರೆಯಲು ಕಲಿಯುವ ಬಾಲಕರು ಸಾಮಾನ್ಯವಾಗಿ ಇದರಿಂದಲೇ ಆರಂಭಿಸುತ್ತಾರೆ. ಇದು ಸುಲಭವೆಂದು ತೋರುತ್ತದೆ. ಆದರೆ ಮೂಗಿನ ಏಣು ಒಂದು ಎಳ್ಳಿನಷ್ಟು ಅತ್ತಿತ್ತ ಸರಿದರೂ ಆ ಮನುಷ್ಯನು ಬೇರೊಬ್ಬನಾಗಿಬಿಡುತ್ತಾನೆ. ಈ ಒಂದು ಗೆರೆಯ ಸತ್ಯಕ್ಕೆ ತನ್ನ ಕಣ್ಣನ್ನೂ ಗಣಿತವನ್ನೂ ಮುಡಿಪಾಗಿಟ್ಟ ಮಹಾಕಲಾವಿದನೊಬ್ಬನು ಹದಿನೈದನೆಯ ಶತಮಾನದ ಇಟಲಿಯಲ್ಲಿದ್ದನು. ಅವನೇ ಪಿಯೆರೊ ಡೆಲ್ಲ ಫ್ರಾಂಚೆಸ್ಕ.

ಟೈಬರ್ ನದಿಯ ಮೇಲುಕಣಿವೆಯಲ್ಲಿರುವ ಬೊರ್ಗೊ ಸ್ಯಾನ್ ಸೆಪೋಲ್ಕ್ರೊ ಎಂಬ ಚಿಕ್ಕ ಪಟ್ಟಣ ಪಿಯೆರೊನ ಜನ್ಮಸ್ಥಳ. ಅವನು ಹುಟ್ಟಿದ್ದು 1412 ರಿಂದ 1420 ರ ನಡುವೆ ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ತಂದೆ ಬೆನೆದೆತ್ತೊ ಚರ್ಮದ ವ್ಯಾಪಾರಿ. ತಾಯಿ ರೊಮಾನ ನೆರೆಯ ಮೊಂತೆರ್ಕಿ ಎಂಬ ಊರಿನವಳು. ವ್ಯಾಪಾರಿಗಳ ಮಕ್ಕಳು ಅಂದು ಲೆಕ್ಕಶಾಸ್ತ್ರವನ್ನು ಕಲಿಯುವುದು ವಾಡಿಕೆಯಾಗಿತ್ತು. ಸರಕನ್ನು ಅಳೆಯುವುದು, ತೂಗುವುದು, ಬೆಲೆ ಕಟ್ಟುವುದು ಮನೆಯ ನಿತ್ಯದ ವ್ಯವಹಾರವಾಗಿದ್ದ ವಾತಾವರಣದಲ್ಲಿ ಬೆಳೆದ ಪಿಯೆರೊ ಮುಂದೆ ವ್ಯಾಪಾರದ ಗಣಿತವನ್ನು ಕುರಿತು ಒಂದು ಗ್ರಂಥವನ್ನೇ ಬರೆದನು.

1439 ರಲ್ಲಿ ಪಿಯೆರೊ ಫ್ಲಾರೆನ್ಸ್ ನಗರದಲ್ಲಿ ದೊಮೆನಿಕೊ ವೆನೆತ್ಸಿಯಾನೊ ಎಂಬ ಚಿತ್ರಕಾರನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದನೆಂದು ದಾಖಲೆಯಿದೆ. ಅಂದಿನ ಫ್ಲಾರೆನ್ಸ್ ಹೊಸ ಕಲೆಯ ತವರಾಗಿತ್ತು. ಹತ್ತಿರದ ವಸ್ತು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವ ದೃಷ್ಟಿನಿಯಮವನ್ನು ಅಲ್ಲಿನ ಶಿಲ್ಪಿಗಳೂ ಚಿತ್ರಕಾರರೂ ರೇಖಾಗಣಿತದಿಂದ ಸಾಧಿಸಿ ತೋರಿಸುತ್ತಿದ್ದರು. ತರುಣ ಪಿಯೆರೊ ಈ ವಿದ್ಯೆಯನ್ನು ಅಲ್ಲಿ ಮನಗಂಡನು. ಆದರೆ ಅವನು ಆ ಮಹಾನಗರದಲ್ಲಿ ನೆಲೆಸಲಿಲ್ಲ. ತನ್ನ ಚಿಕ್ಕ ಊರಿಗೇ ಮತ್ತೆ ಮತ್ತೆ ಮರಳಿದನು. 1445 ರಲ್ಲಿ ಊರಿನ ಧರ್ಮಸಂಘವೊಂದು ಪೂಜಾವೇದಿಕೆಗಾಗಿ ಅನೇಕ ಹಲಗೆಗಳ ಚಿತ್ರವೊಂದನ್ನು ಮೂರು ವರ್ಷಗಳೊಳಗೆ ಬರೆದುಕೊಡುವಂತೆ ಅವನೊಡನೆ ಕರಾರು ಮಾಡಿಕೊಂಡಿತು. ಕೆಲಸ ಅದಕ್ಕಿಂತ ಬಹುಕಾಲ ಹಿಡಿಯಿತು. ಅವಸರವೆಂಬುದು ಪಿಯೆರೊನ ಸ್ವಭಾವದಲ್ಲೇ ಇರಲಿಲ್ಲ.

ಪಾರ್ಶ್ವಮುಖದಲ್ಲಿ ಪ್ರಭುಗಳನ್ನು ಚಿತ್ರಿಸುವ ಪದ್ಧತಿ ಅಂದಿನ ಇಟಲಿಯಲ್ಲಿ ಬಳಕೆಯಲ್ಲಿತ್ತು. ಪ್ರಾಚೀನ ರೋಮನ್ ಚಕ್ರವರ್ತಿಗಳ ನಾಣ್ಯಗಳು ಅದಕ್ಕೆ ಮಾದರಿ. ಪಿಸನೆಲ್ಲೊ ಎಂಬ ಕಲಾವಿದನು ಬಿಜಾಂಟಿಯಂ ಸಾಮ್ರಾಟನಾದ ಎಂಟನೆಯ ಜಾನ್‌ನ ಪಾರ್ಶ್ವಮುಖವನ್ನು ಎರಕ ಹೊಯ್ದು ಪದಕವೊಂದನ್ನು ಮಾಡಿದ್ದನು. ಆ ಸಾಮ್ರಾಟನು ಧರ್ಮಸಭೆಯ ನಿಮಿತ್ತ ಫ್ಲಾರೆನ್ಸಿಗೆ ಬಂದದ್ದು ಪಿಯೆರೊ ಅಲ್ಲಿದ್ದ 1439 ರಲ್ಲೇ. ಮುಂದೆ ಅರೆತ್ಸೊ ನಗರದ ಸಂತ ಫ್ರಾನ್ಸಿಸರ ದೇವಾಲಯದ ಗೋಡೆಗಳ ಮೇಲೆ ಏಸುವಿನ ಶಿಲುಬೆಯ ಕಥೆಯನ್ನು ಚಿತ್ರಿಸುವಾಗ ಪಿಯೆರೊ ಆ ಸಾಮ್ರಾಟನ ಮುಖಲಕ್ಷಣವನ್ನೂ ಚೂಪಾದ ಟೋಪಿಯನ್ನೂ ಕಾನ್‌ಸ್ಟಂಟೈನ್ ಚಕ್ರವರ್ತಿಗೆ ಅಳವಡಿಸಿದನು. 1452 ರಲ್ಲಿ ಹಿಂದಿನ ಚಿತ್ರಕಾರನು ತೀರಿಕೊಂಡ ಮೇಲೆ ಅವನ ಕೈಗೆ ಬಂದ ಈ ಕಾರ್ಯ 1466 ರ ವೇಳೆಗೆ ಮುಗಿಯಿತು. ಇದಕ್ಕೂ ಮುಂಚೆ, 1451 ರಲ್ಲಿ, ರಿಮಿನಿಯ ಪ್ರಭು ಸಿಗಿಸ್ಮೊಂದೊ ಮಲತೆಸ್ತನು ಸಂತನ ಮುಂದೆ ಮಂಡಿಯೂರಿ ಕುಳಿತ ಭಿತ್ತಿಚಿತ್ರವನ್ನು ಅವನು ಬರೆದಿದ್ದನು. ಅಲ್ಲಿಯೂ ಆ ಪ್ರಭುವಿನದು ಪಾರ್ಶ್ವಮುಖವೇ.

ಆದರೆ ಪಿಯೆರೊನ ಹೆಸರನ್ನು ಶಾಶ್ವತಗೊಳಿಸಿದ ಪಾರ್ಶ್ವಮುಖಗಳು ಉರ್ಬಿನೊ ಸಂಸ್ಥಾನದ ದೊರೆ ಫೆದೆರಿಗೊ ದ ಮೊಂತೆಫೆಲ್ತ್ರೊ ಮತ್ತು ಅವನ ಪತ್ನಿ ಬತ್ತಿಸ್ತ ಸ್ಫೋರ್ತ್ಸ ಇವರವು. ಫೆದೆರಿಗೊ 1444 ರಿಂದ 1482 ರವರೆಗೆ ಉರ್ಬಿನೊವನ್ನು ಆಳಿದನು. ಅವನು ಸಮರ್ಥ ಸೇನಾಪತಿ. ಅಮೂಲ್ಯ ಗ್ರಂಥಭಂಡಾರವನ್ನು ಕಟ್ಟಿ ಬೆಳೆಸಿದ ವಿದ್ಯಾಪಕ್ಷಪಾತಿ. 1450 ರಲ್ಲಿ ಕುದುರೆಯ ಮೇಲೆ ಕುಳಿತು ಈಟಿಯಿಂದ ಸೆಣಸುವ ಪಂದ್ಯವೊಂದರಲ್ಲಿ ಅವನ ಬಲಗಣ್ಣು ಹೋಯಿತು. ಮೂಗಿನ ಮೇಲ್ಭಾಗ ಮುರಿಯಿತು. ಅಂದಿನಿಂದ ಅವನ ಚಿತ್ರಗಳು ಬಹುಮಟ್ಟಿಗೆ ಎಲ್ಲವೂ ಎಡಮಗ್ಗುಲಿನಿಂದಲೇ ಬರೆದಂಥವು. ಜೋಡಿಚಿತ್ರಗಳಲ್ಲಿ ಪತಿಯನ್ನು ನೋಡುವವರ ಎಡಕ್ಕೆ ಇರಿಸುವುದು ರೂಢಿ. ಆ ಕ್ರಮದಲ್ಲಿ ಅವನ ಬಲಗೆನ್ನೆ ನಮಗೆ ಕಾಣಬೇಕಾಗುತ್ತಿತ್ತು. ಪಿಯೆರೊ ಸ್ಥಾನವನ್ನು ಬದಲಾಯಿಸಿ ದೊರೆಯನ್ನು ಬಲಕ್ಕೂ ರಾಣಿಯನ್ನು ಎಡಕ್ಕೂ ಇರಿಸಿ, ಇಬ್ಬರೂ ಪರಸ್ಪರ ಎದುರುಬದುರಾಗಿ ನೋಡುವಂತೆ ಮಾಡಿದನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಳೆದುಹೋದ ಕಣ್ಣನ್ನು ಮರೆಮಾಡಲು ಒಪ್ಪಿದ ಚಿತ್ರಕಾರನು ಕಾಣುವ ಭಾಗದಲ್ಲಿ ಯಾವುದನ್ನೂ ಮರೆಮಾಡಲಿಲ್ಲ. ಕಣ್ಣುಗಳ ನಡುವೆ ಮೆಟ್ಟಿಲಿನಂತೆ ಒಳಸರಿದ ಮೂಗಿನ ಬುಡ, ಗಿಡುಗನ ಕೊಕ್ಕಿನಂಥ ಬಾಗು, ಕೆನ್ನೆಯ ಮೇಲಿನ ನರುಳ್ಳೆಗಳು, ಬಿಗಿದ ತುಟಿ, ಕೊರಳಿನ ಮಡಿಕೆ, ಎಲ್ಲವೂ ಇದ್ದಂತೆಯೇ ಇವೆ. ದೊರೆಯ ಮುಖವನ್ನು ನಯಗೊಳಿಸಿ ಕೊಟ್ಟಿದ್ದರೆ ಪಿಯೆರೊನನ್ನು ಯಾರೂ ದೂರುತ್ತಿರಲಿಲ್ಲ. ಹಾಗೆ ಮಾಡಲು ಅವನ ಮನಸ್ಸು ಒಪ್ಪಲಿಲ್ಲ. ಹಾಗೆ ಮಾಡಬೇಕೆಂದು ದೊರೆಯೂ ಬಯಸಲಿಲ್ಲವೆಂದು ಚಿತ್ರವೇ ಸಾರುತ್ತದೆ. ಕೆಂಪು ಟೋಪಿ, ಕೆಂಪು ನಿಲುವಂಗಿಯ ಹೊರತು ಯಾವ ಆಡಂಬರವೂ ಅಲ್ಲಿಲ್ಲ.

ಎದುರಿನ ಹಲಗೆಯಲ್ಲಿರುವ ಬತ್ತಿಸ್ತ 1446 ರಲ್ಲಿ ಜನಿಸಿ 1460 ರಲ್ಲಿ ಫೆದೆರಿಗೊನ ಕೈಹಿಡಿದವಳು. ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಬಲ್ಲವಳು. ಪತಿಯು ಯುದ್ಧಕ್ಕೆ ಹೋದಾಗ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವಳು. ಹೆಣ್ಣುಮಕ್ಕಳನ್ನು ಹೆತ್ತ ಬಳಿಕ 1472 ರ ಜನವರಿಯಲ್ಲಿ ವಂಶೋದ್ಧಾರಕನಾದ ಗ್ವಿದೊಬಾಲ್ದೊನನ್ನು ಹೆತ್ತಳು. ಅದೇ ವರ್ಷದ ಜುಲೈ ತಿಂಗಳಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಚಿತ್ರದಲ್ಲಿ ಆಕೆಯ ಮುಖ ಬೆಳ್ಳಗೆ ಬಿಳಿಚಿಕೊಂಡಿದೆ. ಪತಿಯ ಕಂದುಬಣ್ಣದ ಚರ್ಮದ ಎದುರಿಗೆ ಆ ಬಿಳುಪು ಮತ್ತಷ್ಟು ಎದ್ದುಕಾಣುತ್ತದೆ. ಆಕೆ ಗತಿಸಿದ ಮೇಲೆ ಈ ಚಿತ್ರವನ್ನು ಬರೆದಿರಬೇಕೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಹಲಗೆಗಳ ಹಿಂಬದಿಯಲ್ಲಿ ದಂಪತಿಗಳು ವಿಜಯರಥಗಳಲ್ಲಿ ಕುಳಿತ ದೃಶ್ಯಗಳಿವೆ. ಕೆಳಗೆ ಲ್ಯಾಟಿನ್ ಪದ್ಯಗಳಿವೆ. ದೊರೆಯನ್ನು ಕುರಿತ ಪದ್ಯ ವರ್ತಮಾನಕಾಲದಲ್ಲಿದ್ದರೆ ರಾಣಿಯನ್ನು ಕುರಿತದ್ದು ಭೂತಕಾಲದಲ್ಲಿದೆ. ವ್ಯಾಕರಣದ ಈ ಒಂದು ಸಣ್ಣ ವ್ಯತ್ಯಾಸದಲ್ಲಿ ಒಂದು ಮನೆತನದ ದುಃಖವೆಲ್ಲ ಅಡಗಿದೆ.

ಒಂದೊಂದು ಹಲಗೆಯೂ 47 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ ಮಾತ್ರ. ಇಬ್ಬರ ಹಿಂದೆಯೂ ಒಂದೇ ಸೀಮೆಯ ಬೆಟ್ಟಗಳೂ ಬಯಲೂ ನೀರೂ ಹರಡಿಕೊಂಡಿವೆ. ಬದುಕಿರುವ ಗಂಡನೂ ಇಲ್ಲವಾದ ಹೆಂಡತಿಯೂ ಒಂದೇ ಆಕಾಶದ ಕೆಳಗೆ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಇದೇ ಕಾಲದಲ್ಲಿ ಪಿಯೆರೊ ಬರೆದ, ಈಗ ಮಿಲಾನಿನ ಬ್ರೆರ ಸಂಗ್ರಹಾಲಯದಲ್ಲಿರುವ ದೊಡ್ಡ ಚಿತ್ರದಲ್ಲಿ ಫೆದೆರಿಗೊ ಉಕ್ಕಿನ ಕವಚ ತೊಟ್ಟು ದೇವಮಾತೆಯ ಮುಂದೆ ಒಬ್ಬನೇ ಮಂಡಿಯೂರಿದ್ದಾನೆ. ಎದುರಿಗೆ ಪತ್ನಿ ಕುಳಿತಿರಬೇಕಾಗಿದ್ದ ಸ್ಥಳ ಬರಿದಾಗಿದೆ.

ಮುಖವನ್ನು ಇಷ್ಟು ನಿಖರವಾಗಿ ಬರೆಯುವುದು ಪಿಯೆರೊಗೆ ಸಾಧ್ಯವಾದದ್ದು ಹೇಗೆ? ಉತ್ತರ ಅವನ ಗ್ರಂಥಗಳಲ್ಲಿದೆ. ಚಿತ್ರಕಲೆಯಲ್ಲಿ ದೃಷ್ಟಿನಿಯಮವನ್ನು ಕುರಿತು ಅವನು ರಚಿಸಿದ ಗ್ರಂಥದಲ್ಲಿ ಕಲೆಗೆ ಮೂರು ಅಂಗಗಳನ್ನು ಹೇಳುತ್ತಾನೆ: ವಸ್ತುವಿನ ಅಂಚನ್ನು ಗುರುತಿಸುವ ರೇಖೆ, ಆ ರೇಖೆಗಳನ್ನು ತಕ್ಕ ಅಳತೆಯಲ್ಲಿ ತಕ್ಕ ಸ್ಥಳದಲ್ಲಿರಿಸುವ ಪ್ರಮಾಣ, ಬೆಳಕಿಗನುಸಾರವಾಗಿ ಹಚ್ಚುವ ವರ್ಣ. ಗ್ರಂಥದ ಮೂರನೆಯ ಭಾಗದಲ್ಲಿ ಮನುಷ್ಯನ ತಲೆಯನ್ನೇ ಅಳತೆಗೆ ಒಳಪಡಿಸುತ್ತಾನೆ. ತಲೆಯನ್ನು ಎದುರಿನಿಂದಲೂ ಪಕ್ಕದಿಂದಲೂ ಬರೆದು, ಬೇರೆ ಬೇರೆ ಮಟ್ಟಗಳಲ್ಲಿ ಅಡ್ಡಲಾಗಿ ಕೊಯ್ದಂತೆ ಭಾವಿಸಿ, ಒಂದೊಂದು ಮಟ್ಟದ ಅಂಚಿನ ಮೇಲೂ ಬಿಂದುಗಳನ್ನು ಗುರುತಿಸಿ, ಆ ಬಿಂದುಗಳನ್ನು ಒಂದೊಂದಾಗಿ ಚಿತ್ರಕ್ಕೆ ಒಯ್ಯುವ ಕ್ರಮವನ್ನು ತೋರಿಸುತ್ತಾನೆ. ಇಷ್ಟು ಶ್ರಮಪಟ್ಟವನಿಗೆ ಪಾರ್ಶ್ವರೇಖೆಯೆಂಬುದು ಬರಿಯ ಹೊರಗೆರೆಯಾಗಿರಲಿಲ್ಲ; ಕಾಣದ ಮಗ್ಗುಲನ್ನೂ ಒಳಗೊಂಡ ಗುಂಡಾದ ತಲೆಯ ಒಂದು ಅಂಚಾಗಿತ್ತು. ಅವನ ಪಾರ್ಶ್ವಮುಖಗಳು ಕತ್ತರಿಸಿದ ಕಾಗದದಂತೆ ಚಪ್ಪಟೆಯಾಗಿರದೆ ಕಲ್ಲಿನಲ್ಲಿ ಕಡೆದಂತೆ ತುಂಬಿಕೊಂಡಿರುವುದಕ್ಕೆ ಇದೇ ಕಾರಣ.

ವೃದ್ಧಾಪ್ಯದಲ್ಲಿ ಪಿಯೆರೊ ಕುಂಚಕ್ಕಿಂತ ಲೇಖನಿಯನ್ನೇ ಹೆಚ್ಚಾಗಿ ಹಿಡಿದನು. ಐದು ಸಮಘನಾಕೃತಿಗಳನ್ನು ಕುರಿತ ಗ್ರಂಥವನ್ನು ಬರೆದು, ತಾಯಿಯನ್ನು ಹಸುಗೂಸಿನಲ್ಲೇ ಕಳೆದುಕೊಂಡು ಈಗ ದೊರೆಯಾಗಿದ್ದ ಗ್ವಿದೊಬಾಲ್ದೊನಿಗೆ ಅರ್ಪಿಸಿದನು. ಕೊನೆಗಾಲದಲ್ಲಿ ಅವನಿಗೆ ದೃಷ್ಟಿಯೇ ಹೋಯಿತೆಂದು ಹದಿನಾರನೆಯ ಶತಮಾನದ ಚರಿತ್ರಕಾರ ವಸಾರಿ ದಾಖಲಿಸಿದ್ದಾನೆ. ಒಂದು ಎಳ್ಳಿನಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲ ಕಣ್ಣುಗಳಿಗೆ ಇಂಥ ಗತಿ ಬಂದಿತು. 1492 ರ ಅಕ್ಟೋಬರ್ 12 ರಂದು, ಕೊಲಂಬಸ್ಸನು ಸಾಗರದಾಚೆಯ ಹೊಸ ನೆಲವನ್ನು ಕಂಡ ದಿನದಂದೇ, ಪಿಯೆರೊನ ಸಂಸ್ಕಾರ ಅವನ ಹುಟ್ಟೂರಿನಲ್ಲಿ ನಡೆಯಿತು. 1509 ರಲ್ಲಿ ಅದೇ ಊರಿನ ಗಣಿತಜ್ಞ ಲೂಕ ಪಚೋಲಿಯು ಪ್ರಕಟಿಸಿದ ಗ್ರಂಥದಲ್ಲಿ ಘನಾಕೃತಿಗಳ ಆ ಕೃತಿ ಇಟಾಲಿಯನ್ ಭಾಷೆಯಲ್ಲಿ ಸೇರಿಕೊಂಡಿತು. ಅದರ ಕರ್ತೃ ಪಿಯೆರೊ ಎಂದು ಅಲ್ಲಿ ಹೇಳಿರಲಿಲ್ಲ. ಚಿತ್ರಕಾರನಾಗಿಯೂ ಅವನು ಬಹುಕಾಲ ಮರೆವಿಗೆ ಸಂದಿದ್ದನು. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಅವನ ಹಿರಿಮೆ ಮತ್ತೆ ಬೆಳಕಿಗೆ ಬಂದಿತು. ಇಂದು ಆ ಜೋಡಿ ಪಾರ್ಶ್ವಮುಖಗಳು ಫ್ಲಾರೆನ್ಸಿನ ಉಫೀತ್ಸಿ ಸಂಗ್ರಹಾಲಯದಲ್ಲಿ ಹಿಂಬದಿಯೂ ಕಾಣುವಂತೆ ನಿಂತಿವೆ.

ವಿದ್ಯಾರ್ಥಿಗಳು ಪಿಯೆರೊನ ಬಾಳಿನಿಂದ ಕಲಿಯಬೇಕಾದದ್ದು ಬಹಳವಿದೆ. ಮತ್ತೊಬ್ಬರ ನೋವನ್ನು ಜಗತ್ತಿಗೆ ತೋರಿಸದಿರುವುದು ಸೌಜನ್ಯ. ತೋರಿಸಿದ್ದನ್ನು ತಿದ್ದಿ ಸುಳ್ಳುಮಾಡದಿರುವುದು ಪ್ರಾಮಾಣಿಕತೆ. ಈ ಎರಡೂ ಒಂದೇ ಮುಖದಲ್ಲಿ ಕೂಡಿರಲು ಸಾಧ್ಯವೆಂದು ಅವನು ತೋರಿಸಿಕೊಟ್ಟನು. ಮುಂದಿನ ಚಿತ್ರಕಲೆಯ ತರಗತಿಯಲ್ಲಿ ಗೆಳೆಯನನ್ನು ಪಕ್ಕಕ್ಕೆ ಕೂರಿಸಿಕೊಂಡು ಪೆನ್ಸಿಲ್ ಹಿಡಿಯುವ ಬಾಲಕನು ಮೊದಲು ಕೆಲವು ನಿಮಿಷ ಸುಮ್ಮನೆ ನೋಡಲಿ. ಹಣೆ ಎಲ್ಲಿ ಬಾಗಿದೆ, ಮೂಗು ಎಲ್ಲಿ ಏಳುತ್ತದೆ, ಕಿವಿ ಎಷ್ಟು ಹಿಂದಿದೆ ಎಂದು ಅಳೆಯಲಿ. ತಾನು ಊಹಿಸಿಕೊಂಡ ಮುಖವನ್ನಲ್ಲದೆ ಎದುರಿಗಿರುವ ಮುಖವನ್ನೇ ಬರೆಯಲಿ. ಪಿಯೆರೊ ತನ್ನ ಜೀವಮಾನವೆಲ್ಲ ಮಾಡಿದ್ದು ಅದನ್ನೇ.