ನೋಟರಿ ಜಿರುವಾರ್

ನಮ್ಮಲ್ಲಿ ನೋಟರಿಯೆಂದರೆ ಕಾಗದಪತ್ರಕ್ಕೆ ಮೊಹರು ಒತ್ತಿ ದೃಢೀಕರಿಸುವವರೆಂಬ ಭಾವನೆಯಿದೆ. ಫ್ರೆಂಚ್ ನ್ಯಾಯಪದ್ಧತಿ ಉಳಿದುಬಂದ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹಾಗಲ್ಲ. ಕ್ರಯಪತ್ರ, ವಿವಾಹದ ಕರಾರು, ಮರಣಶಾಸನಗಳನ್ನು ಬರೆದು ಅವುಗಳ ಮೂಲಪ್ರತಿಗಳನ್ನು ಕಾಪಾಡುವವನೇ ಅಲ್ಲಿನ ನೋಟರಿ. ಊರಿನ ಮನೆಮನೆಯ ವಿಶ್ವಾಸ ಅವನ ಪೆಟ್ಟಿಗೆಯಲ್ಲಿರುತ್ತದೆ. ಝಾನ್ ಜೋಸೆಫ್ ಜಿರುವಾರ್ ಇಂಥ ವೃತ್ತಿಯಿಂದ ರಾಜಕಾರಣಕ್ಕೆ ಬಂದವರು.

ಬಾಲ್ಯದಲ್ಲಿಯೇ ಅವರ ತಂದೆ ನೀರುಪಾಲಾದರು. ಗಾತಿಯಾಂ ಎಂಬ ಪಾದ್ರಿಗಳು ಆ ತಬ್ಬಲಿಯನ್ನು ಸಾಕಿ ವಿದ್ಯೆ ಕಲಿಸಿದರು. 1816ರಲ್ಲಿ ನೋಟರಿಯ ಸನ್ನದು ಪಡೆದ ಜಿರುವಾರ್, ಮಾಂಟ್ರಿಯಲ್ ನಗರದ ವಾಯವ್ಯಕ್ಕಿರುವ ಸಾಂ ಬೆನ್ವಾ ಎಂಬ ಹಳ್ಳಿಯಲ್ಲಿ ನೆಲೆಸಿದರು. 1831ರಲ್ಲಿ ಶಾಸನಸಭೆಗೆ ಆಯ್ಕೆಯಾಗಿ, ನಾಯಕ ಪಾಪಿನೋ ಅವರ ಪಕ್ಷವನ್ನು ಬೆಂಬಲಿಸಿದರು. ಮೇಲ್ಮನೆಯೂ ಚುನಾಯಿತವಾಗಬೇಕು, ಖಜಾನೆಯ ಹಣದ ಮೇಲೆ ಜನಪ್ರತಿನಿಧಿಗಳಿಗೆ ಅಧಿಕಾರವಿರಬೇಕು ಎಂಬುದು 1834ರ ತೊಂಬತ್ತೆರಡು ನಿರ್ಣಯಗಳ ಮುಖ್ಯ ಬೇಡಿಕೆಯಾಗಿತ್ತು. 1837ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ತಳ್ಳಿಹಾಕಿತು; ನಾಡು ದಂಗೆಯೆದ್ದಿತು.

ಆ ವರ್ಷದ ಡಿಸೆಂಬರ್ 14ರಂದು ನೆರೆಯ ಸಾಂತ್ ಯೂಸ್ತಾಶ್‌ನಲ್ಲಿ ದಂಗೆಕೋರರು ಸೋತರು. ಸಾಂ ಬೆನ್ವಾದ ಜನ ಬಿಳಿಯ ಬಾವುಟ ಹಿಡಿದು ಶರಣಾದರು. ಆದರೂ ಊರು ಸುಟ್ಟು ಬೂದಿಯಾಯಿತು, ಜಿರುವಾರರ ಮನೆಯೂ ಉಳಿಯಲಿಲ್ಲ. ಅವರ ತಲೆಗೆ 500 ಪೌಂಡು ಬಹುಮಾನ ಘೋಷಣೆಯಾಗಿತ್ತು. ಅಮೆರಿಕದ ಗಡಿ ದಾಟಿ ಪಾರಾದವರು ಹಲವರು. ಜಿರುವಾರ್ ಮಾತ್ರ ಸಂಗಾತಿಗಳು ಸೆರೆಯಾದುದನ್ನು ತಿಳಿದು ತಾವಾಗಿಯೇ ಒಪ್ಪಿಸಿಕೊಂಡರು. ಅದನ್ನು ಅವಿವೇಕವೆಂದವರು ಇದ್ದಿರಬಹುದು. ಊರವರ ಪತ್ರಗಳನ್ನು ಇಪ್ಪತ್ತು ವರ್ಷ ಕಾಪಾಡಿದವರಿಗೆ ಊರವರನ್ನು ಬಿಟ್ಟುಹೋಗುವುದು ಸುಲಭವಲ್ಲ.

ಮಾಂಟ್ರಿಯಲ್ ಸೆರೆಮನೆಯಲ್ಲಿ ಅವರು ಪೆನ್ಸಿಲು ಹಿಡಿದರು. ರೈತರು, ವೈದ್ಯರು, ವ್ಯಾಪಾರಿಗಳು, ಹೀಗೆ ಸಹಬಂದಿಗಳ ಮುಖಗಳನ್ನು ಒಂದೊಂದಾಗಿ ಚಿತ್ರಿಸಿದರು. ಕ್ಯಾಮೆರಾ ಇನ್ನೂ ಅಲ್ಲಿಗೆ ಬಾರದ ಕಾಲ. ಆ ಬಂದಿಗಳಲ್ಲಿ ಎಷ್ಟೋ ಮಂದಿಯ ರೂಪ ಉಳಿದಿರುವುದು ಆ ಹಾಳೆಗಳಲ್ಲಿಯೇ. 1838ರ ಜುಲೈಯಲ್ಲಿ ಬಿಡುಗಡೆಯಾಯಿತು. ವರ್ಷಾಂತ್ಯದಲ್ಲಿ ಮತ್ತೊಮ್ಮೆ ಕೆಲಕಾಲ ಸೆರೆವಾಸ.

ಹಿಂದಿನ ಸಂಗಾತಿ ಲಾಫೊಂತೇನ್ 1842ರಲ್ಲಿ ಅಧಿಕಾರಕ್ಕೆ ಬಂದಾಗ ಜಿರುವಾರರಿಗೆ ಸರ್ಕಾರದಲ್ಲಿ ಉನ್ನತ ಪದವಿಯ ಆಹ್ವಾನ ಬಂದಿತು. ಅವರು ಒಪ್ಪಲಿಲ್ಲ. ಸುಟ್ಟ ಊರಿನಲ್ಲಿಯೇ ಉಳಿದು ಮತ್ತೆ ಪತ್ರಗಳನ್ನು ಬರೆದರು. ಕೊನೆಗಾಲದಲ್ಲಿ ಪತ್ನಿ ಎಮಿಲಿಯವರೊಡನೆ ಅಲ್ಲಿ ದೀನರಿಗಾಗಿ ಆಶ್ರಯಧಾಮವೊಂದನ್ನು ಕಟ್ಟಿಸಲು ಮುಂದಾದರು. 1855ರ ಸೆಪ್ಟೆಂಬರ್ 18ರಂದು ತೀರಿಕೊಂಡರು.