ಬ್ರೆನ್ನಸ್ ಫಲಕದ ಹಿಂದಿನ ಬ್ಯಾರನ್

ಪಿಯರೆ ಡಿ ಕೂಬರ್ಟಿನ್ ಎಂದೊಡನೆ ನೆನಪಾಗುವುದು ಒಲಿಂಪಿಕ್ಸ್. ಆದರೆ ಫ್ರಾನ್ಸಿನ ರಗ್ಬಿ ಕ್ಲಬ್‌ಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಮೊದಲ ಪಂದ್ಯಕ್ಕೆ ತೀರ್ಪುಗಾರರಾಗಿ ಮೈದಾನಕ್ಕಿಳಿದವರೂ ಅವರೇ ಎಂಬುದು ಬಹುಮಂದಿಗೆ ತಿಳಿಯದ ಸಂಗತಿ.

1863ರ ಜನವರಿ 1ರಂದು ಪ್ಯಾರಿಸ್ಸಿನ ಸಿರಿವಂತ ಮನೆತನದಲ್ಲಿ ಅವರ ಜನನ. 1870-71ರ ಯುದ್ಧದಲ್ಲಿ ಪ್ರಷ್ಯಾದ ಎದುರು ಫ್ರಾನ್ಸ್ ಸೋತಾಗ ಅವರಿನ್ನೂ ಬಾಲಕ. ಸೋತ ದೇಶದ ಯುವಜನರಿಗೆ ಚೈತನ್ಯ ತುಂಬುವ ದಾರಿಯನ್ನು ಅವರು ಶಿಕ್ಷಣದಲ್ಲಿ ಅರಸಿದರು. 1883ರಲ್ಲಿ ಇಂಗ್ಲೆಂಡಿಗೆ ತೆರಳಿ ರಗ್ಬಿ ಶಾಲೆಯನ್ನು ಕಂಡರು. ಪಾಠದಷ್ಟೇ ಆಟವೂ ಶೀಲವನ್ನು ರೂಪಿಸುತ್ತದೆ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಯಿತು.

1892ರ ಮಾರ್ಚ್ 20ರಂದು ಪ್ಯಾರಿಸ್ಸಿನ ಬಗಾತೆಲ್ ಮೈದಾನದಲ್ಲಿ ಆ ಮೊದಲ ಪಂದ್ಯ ನಡೆಯಿತು. ಕಣದಲ್ಲಿದ್ದುದು ಎರಡೇ ಕ್ಲಬ್‌ಗಳು. ರೇಸಿಂಗ್ ಕ್ಲಬ್ 4-3ರಿಂದ ಸ್ಟಾಡ್ ಫ್ರಾನ್ಸೆ ತಂಡವನ್ನು ಮಣಿಸಿತು. ವಿಜೇತರಿಗೆ ದೊರೆತ ಫಲಕದ ವಿನ್ಯಾಸ ಕೂಬರ್ಟಿನ್ ಅವರದು. ಅದನ್ನು ಕೆತ್ತಿದವರು ಶಾರ್ಲ್ ಬ್ರೆನ್ನಸ್. ಆರಂಭದಲ್ಲಿ ಪ್ಯಾರಿಸ್ಸಿಗೆ ಸೀಮಿತವಾಗಿದ್ದ ಸ್ಪರ್ಧೆ 1899ರಲ್ಲಿ ಪ್ರಾಂತ್ಯಗಳಿಗೂ ತೆರೆದುಕೊಂಡಿತು. ಆ ವರ್ಷವೇ ಸ್ಟಾಡ್ ಬೋರ್ಡೆಲೆ ಪ್ರಶಸ್ತಿಯನ್ನು ರಾಜಧಾನಿಯಿಂದ ಕಸಿದುಕೊಂಡಿತು.

ಅಷ್ಟರಲ್ಲಿ ಕೂಬರ್ಟಿನ್ ಅವರ ಹಾದಿ ಇನ್ನಷ್ಟು ವಿಸ್ತಾರವಾಗಿತ್ತು. 1894ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸ್ಥಾಪನೆಯಾಯಿತು. 1896ರಿಂದ 1925ರವರೆಗೆ ಅವರು ಅದರ ಅಧ್ಯಕ್ಷರಾಗಿದ್ದರು. ಮೆಚ್ಚಿನ ರಗ್ಬಿಗೂ ಅಲ್ಲಿ ಸ್ಥಾನ ಸಿಕ್ಕಿತು. 1900, 1908, 1920 ಮತ್ತು 1924ರ ಕ್ರೀಡಾಕೂಟಗಳಲ್ಲಿ ಆಡಿಸಿದ ಬಳಿಕ ಅದನ್ನು ಕೈಬಿಡಲಾಯಿತು.

ಹಣಕ್ಕಾಗಿ ಆಡಬಾರದು ಎಂಬುದು ಅವರ ಕಾಲದ ಆದರ್ಶ. ಆದರೆ ಅವರು ಚಾಲನೆ ನೀಡಿದ ಚಾಂಪಿಯನ್‌ಷಿಪ್‌ನಲ್ಲೇ ಆಟಗಾರರಿಗೆ ಗುಟ್ಟಾಗಿ ಹಣ ನೀಡುವ, ಮೈದಾನದಲ್ಲಿ ಹೊಡೆದಾಡುವ ಚಾಳಿ ಬೆಳೆಯಿತು. 1931ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ರಗ್ಬಿ ಒಕ್ಕೂಟಗಳು ಇದೇ ಕಾರಣಕ್ಕೆ ಫ್ರಾನ್ಸಿನೊಡನೆ ಸಂಬಂಧ ಕಡಿದುಕೊಂಡವು. ಆ ಬಿರುಕು ಮುಚ್ಚುವುದನ್ನು ನೋಡಲು ಕೂಬರ್ಟಿನ್ ಬದುಕಿರಲಿಲ್ಲ. ಪಿತ್ರಾರ್ಜಿತ ಸಂಪತ್ತಿನ ಬಹುಪಾಲು ಕರಗಿ, ಕೊನೆಯ ದಿನಗಳನ್ನು ಆರ್ಥಿಕ ಸಂಕಷ್ಟದಲ್ಲಿ ಕಳೆದ ಅವರು 1937ರ ಸೆಪ್ಟೆಂಬರ್ 2ರಂದು ಜಿನೀವಾದಲ್ಲಿ ನಿಧನರಾದರು. ದೇಹ ಲಾಸಾನ್‌ನ ಮಣ್ಣು ಸೇರಿದರೆ, ಅವರ ಇಚ್ಛೆಯಂತೆ ಹೃದಯವನ್ನು ಗ್ರೀಸಿನ ಒಲಿಂಪಿಯಾದಲ್ಲಿ ಇರಿಸಲಾಯಿತು.

1995ರಲ್ಲಿ ರಗ್ಬಿ ಯೂನಿಯನ್ ಬಹಿರಂಗವಾಗಿಯೇ ವೃತ್ತಿಪರ ಕ್ರೀಡೆಯಾಯಿತು. ಎರಡು ಕ್ಲಬ್‌ಗಳ ಆ ಸ್ಪರ್ಧೆ ಬೆಳೆದು, 2005ರಿಂದ 14 ಕ್ಲಬ್‌ಗಳ 'ಟಾಪ್ 14' ಲೀಗ್ ಆಗಿದೆ. ಮಹಿಳೆಯರು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸುವುದನ್ನು ಕೂಬರ್ಟಿನ್ ಕೊನೆಯವರೆಗೂ ಒಪ್ಪಲಿಲ್ಲ. ಆದರೆ 2016ರಲ್ಲಿ ಏಳು ಮಂದಿಯ ತಂಡಗಳ ರೂಪದಲ್ಲಿ ರಗ್ಬಿ ಒಲಿಂಪಿಕ್ಸ್‌ಗೆ ಮರಳಿದಾಗ ಪುರುಷರ 12 ತಂಡಗಳಿಗೆ ಸಮನಾಗಿ ಮಹಿಳೆಯರ 12 ತಂಡಗಳೂ ಕಣದಲ್ಲಿದ್ದವು. ಕಾಲ ಅವರ ಹಲವು ನಿಲುವುಗಳನ್ನು ಬದಿಗೆ ಸರಿಸಿದೆ. ಅವರು ವಿನ್ಯಾಸಗೊಳಿಸಿದ ಫಲಕಕ್ಕಾಗಿ ಮಾತ್ರ ಫ್ರಾನ್ಸಿನ ಕ್ಲಬ್‌ಗಳು ಇಂದಿಗೂ ಸೆಣಸುತ್ತಿವೆ.